ಒಂದೇ ಸಾಲಿನಲ್ಲಿ ಲೆಡ್ಜರ್: ಲಿನಕ್ಸ್‌ನಲ್ಲಿ ಲೆಕ್ಕದ ತಂತ್ರಾಂಶ ಹಾಕಿಕೊಳ್ಳುವುದು ಹೇಗೆ?

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಲಿನಕ್ಸ್ ಎಂದರೆ ಸೈನ್ಸ್‌ನವರ ವಿಷಯ, ಅದರಲ್ಲೂ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರ ವಿಷಯ ಎಂದು ನಮ್ಮ ಕಾಮರ್ಸ್ ತರಗತಿಯಲ್ಲಿ ಹಲವರು ತಿಳಿದಿದ್ದಾರೆ. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ, ಮೌಸ್‌ಗೆ ಕೆಲಸವೇ ಇಲ್ಲ. ನೋಡಿದ ಕೂಡಲೇ ದೂರ ಸರಿಯೋಣ ಅನಿಸುತ್ತದೆ. ಆದರೆ ಅದೇ ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ನಮ್ಮ ಅಕೌಂಟೆನ್ಸಿ ಪುಸ್ತಕದ ಮೊದಲ ಪಾಠಗಳೇ ಕಂಪ್ಯೂಟರ್‌ಗೆ ಬಂದು ಕೂರುತ್ತವೆ. ಹಾಗೆ ಬರುವ ಪುಟ್ಟ ತಂತ್ರಾಂಶದ ಹೆಸರು ಲೆಡ್ಜರ್.

ಲೆಡ್ಜರನ್ನು ಜಾನ್ ವೀಗ್ಲಿ ಎಂಬ ಪ್ರೋಗ್ರಾಮರ್ 2003ರಲ್ಲಿ ಬರೆದರು. ಇದಕ್ಕೆ ಕಿಟಕಿ, ಬಟನ್, ಮೆನು ಯಾವುದೂ ಇಲ್ಲ. ಲೈಸೆನ್ಸ್ ಹಣ ಕೊಡಬೇಕಿಲ್ಲ. ನಾವು ಸಾಧಾರಣ ಟೆಕ್ಸ್ಟ್ ಫೈಲ್‌ನಲ್ಲಿ ಬರೆದ ಜಮಾ-ಖರ್ಚನ್ನು ಓದಿ, ಕೂಡಿ ಕಳೆದು, ಖಾತೆವಾರು ಬಾಕಿ ತೋರಿಸುತ್ತದೆ. ಅದನ್ನು ಹಾಕಿಕೊಳ್ಳುವುದು ಹೇಗೆ, ಹಾಕಿಕೊಳ್ಳುವಾಗ ಒಳಗೆ ಏನು ನಡೆಯುತ್ತದೆ, ಆಮೇಲೆ ಬಳಸುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ತಿಳಿಸುತ್ತೇನೆ.

ಲಿನಕ್ಸ್, ಡೆಬಿಯನ್, ಉಬುಂಟು

ವಿಂಡೋಸ್‌ನಂತೆ ಲಿನಕ್ಸ್ ಕೂಡ ಒಂದು ಆಪರೇಟಿಂಗ್ ಸಿಸ್ಟಂ. ಇದರ ತಿರುಳನ್ನು 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಬರೆಯಲು ಆರಂಭಿಸಿದಾಗ ಅವರು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ವಯಸ್ಸು 21. ಆ ತಿರುಳಿನ ಮೇಲೆ ಉಳಿದ ತಂತ್ರಾಂಶಗಳನ್ನೆಲ್ಲ ಜೋಡಿಸಿ ಪೂರ್ತಿ ವ್ಯವಸ್ಥೆಯಾಗಿ ಕೊಡುವ ಯೋಜನೆಗಳು ಹಲವು. ಅವುಗಳಲ್ಲಿ ಡೆಬಿಯನ್ ಹಳೆಯದು. 1993ರಲ್ಲಿ ಅದನ್ನು ಶುರು ಮಾಡಿದ ಇಯಾನ್ ಮರ್ಡಾಕ್ ಆಗ 20 ವರ್ಷದ ವಿದ್ಯಾರ್ಥಿ. ಇಬ್ಬರೂ ಆಗ ನಮಗಿಂತ ಮೂರು ನಾಲ್ಕು ವರ್ಷವಷ್ಟೇ ದೊಡ್ಡವರು! ಡೆಬಿಯನ್ ಆಧಾರದ ಮೇಲೆ 2004ರಲ್ಲಿ ಉಬುಂಟು ಬಂತು. ನಾನು ಇಲ್ಲಿ ಹೇಳುವುದು ಉಬುಂಟು ಮತ್ತು ಡೆಬಿಯನ್ ಎರಡಕ್ಕೂ ಹೊಂದುತ್ತದೆ.

ಇವೆಲ್ಲ ಓಪನ್ ಸೋರ್ಸ್. ಅಂದರೆ ತಂತ್ರಾಂಶದ ಮೂಲ ಬರಹ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. ಕಂಪನಿಯ ಲೆಕ್ಕದ ಪುಸ್ತಕಗಳನ್ನು ಯಾವ ಷೇರುದಾರ ಬೇಕಾದರೂ ಬಂದು ತೆರೆದು ನೋಡಬಹುದು ಎಂದಿದ್ದರೆ ಹೇಗೋ ಹಾಗೆ.

ಈ ವಿಷಯ ಈಗ ನಮಗೆ ಬೇಕಾಗಿರುವುದಕ್ಕೆ ಇನ್ನೊಂದು ಕಾರಣವೂ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನಮ್ಮಲ್ಲಿ ಹಲವರ ಮನೆಯಲ್ಲಿರುವುದು ಅಣ್ಣನೋ ಮಾಮೂವೋ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್. ಅಂಥವುಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಹಿಡಿಯುವುದಿಲ್ಲ. ಮೂಲೆಗೆ ಹಾಕುವ ಮೊದಲು ಉಬುಂಟು ಅಥವಾ ಅದರ ಹಗುರ ರೂಪವಾದ ಲುಬುಂಟು ಪ್ರಯತ್ನಿಸಬಹುದು. ಇದನ್ನು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ಹಳೆಯ ವ್ಯವಸ್ಥೆಯನ್ನು ಮುಟ್ಟದೆ ನೋಡುವ ಅವಕಾಶವೂ ಇದೆ. ಆದರೆ ಹಾಗೆ ನೋಡುವಾಗ ಹಾಕಿಕೊಂಡ ತಂತ್ರಾಂಶ ಕಂಪ್ಯೂಟರ್ ಮುಚ್ಚಿದ ಮೇಲೆ ಉಳಿಯುವುದಿಲ್ಲ.

ಪೆನ್‌ಡ್ರೈವಿನ ದಾರಿ, ಭಂಡಾರದ ದಾರಿ

ತಂತ್ರಾಂಶ ಹಾಕಿಕೊಳ್ಳಲು ನಮ್ಮಲ್ಲಿ ರೂಢಿಯಾಗಿರುವ ದಾರಿ ಎಂಥದ್ದೆಂದು ಎಲ್ಲರಿಗೂ ಗೊತ್ತು. ಗೆಳೆಯನ ಪೆನ್‌ಡ್ರೈವ್, ಇಲ್ಲವೇ ರಿಪೇರಿ ಅಂಗಡಿಯಲ್ಲಿ ‘ಫುಲ್ ವರ್ಶನ್’ ಎಂದು ಹಾಕಿಕೊಡುವ ಕ್ರ್ಯಾಕ್. ಅಂಥ ಫೈಲ್ ಜೊತೆಗೆ ಸಾಮಾನ್ಯವಾಗಿ ಒಂದು ಸೂಚನೆ ಇರುತ್ತದೆ: ಮೊದಲು ಆಂಟಿವೈರಸ್ ಆಫ್ ಮಾಡಿ. ಬಾಗಿಲ ಕಾವಲುಗಾರನನ್ನು ಊಟಕ್ಕೆ ಕಳಿಸಿ, ಆಮೇಲೆ ನಾನು ಒಳಗೆ ಬರುತ್ತೇನೆ ಎಂದು ಅಪರಿಚಿತನೊಬ್ಬ ಹೇಳಿದ ಹಾಗೆ. ಆದರೂ ನಾವು ಬಾಗಿಲು ತೆಗೆಯುತ್ತೇವೆ.

ನಮ್ಮ ಓಣಿಯ ಕಿರಾಣಿ ಅಂಗಡಿಯೊಂದರಲ್ಲಿ ಹೀಗೆ ಹಾಕಿಸಿದ್ದ ಲೆಕ್ಕದ ತಂತ್ರಾಂಶ ಒಂದು ದಿನ ತೆರೆಯಲೇ ಇಲ್ಲ. ಉದ್ರಿ ಲೆಕ್ಕವೆಲ್ಲ ಅದರೊಳಗೇ ಇತ್ತು. ಆ ಫೈಲನ್ನು ಬೇರೆ ಯಾವುದರಲ್ಲೂ ಓದಲು ಬರುತ್ತಿರಲಿಲ್ಲ. ಕೊನೆಗೆ ಅಂಗಡಿಯವರು ಗಿರಾಕಿಗಳನ್ನೇ ನಿಲ್ಲಿಸಿ “ನಿಮ್ಮದು ಎಷ್ಟು ಬಾಕಿ ಇತ್ತು?” ಎಂದು ಕೇಳಬೇಕಾಯಿತು. ಕೆಲವರು ಸರಿಯಾಗಿ ಹೇಳಿದರು. ಎಲ್ಲರೂ ಹೇಳಲಿಲ್ಲ.

ಲಿನಕ್ಸ್‌ನಲ್ಲಿ ದಾರಿ ಬೇರೆ. ಡೆಬಿಯನ್, ಉಬುಂಟುಗಳಿಗೆ ತಮ್ಮದೇ ಭಂಡಾರ ಇದೆ. ಇಂಗ್ಲಿಷ್‌ನಲ್ಲಿ ಇದನ್ನು ರೆಪೊಸಿಟರಿ ಎನ್ನುತ್ತಾರೆ. 2023ರಲ್ಲಿ ಬಂದ ಡೆಬಿಯನ್ 12ರ ಭಂಡಾರದಲ್ಲಿ 60,000ಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ. ಪ್ರತಿ ಪ್ಯಾಕೇಜಿಗೂ ಅದನ್ನು ನೋಡಿಕೊಳ್ಳುವ ಜವಾಬ್ದಾರಿ ಹೊತ್ತ ವ್ಯಕ್ತಿ ಅಥವಾ ತಂಡ ಇರುತ್ತದೆ. ಭಂಡಾರದಿಂದ ನಮಗೆ ಬೇಕಾದದ್ದನ್ನು ತಂದುಕೊಡುವ ಸಾಧನದ ಹೆಸರು ಆಪ್ಟ್. 1999ರ ಡೆಬಿಯನ್ 2.1ರಿಂದ ಅದು ಬಳಕೆಯಲ್ಲಿದೆ. ಲೆಡ್ಜರ್ ಕೂಡ ಈ ಭಂಡಾರದಲ್ಲೇ ಇದೆ. ಹೊರಗೆ ಹುಡುಕುವ ಅಗತ್ಯವಿಲ್ಲ.

ಹಾಕಿಕೊಳ್ಳುವ ಹಂತಗಳು

ಒಂದು ಸೂಚನೆ. ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಇವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ‘ಸುಡೋ’ ಎಂದರೆ ಎಸ್, ಯು, ಡಿ, ಓ. ‘ಆಪ್ಟ್’ ಎಂದರೆ ಎ, ಪಿ, ಟಿ. ‘ಲೆಡ್ಜರ್’, ‘ಅಪ್‌ಡೇಟ್’, ‘ಇನ್‌ಸ್ಟಾಲ್’ ಇವುಗಳ ಕಾಗುಣಿತ ನಮಗೆಲ್ಲ ಗೊತ್ತಿರುವಂಥದ್ದೇ. ಪದಗಳ ನಡುವೆ ಒಂದೊಂದು ಖಾಲಿ ಜಾಗ ಬಿಡಬೇಕು. ಸಾಲಿನ ಕೊನೆಯಲ್ಲಿ ಎಂಟರ್ ಒತ್ತಬೇಕು.

ಹಂತ 1: ಕಂಟ್ರೋಲ್, ಆಲ್ಟ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟರ್ಮಿನಲ್ ತೆರೆಯುತ್ತದೆ. ಡೆಬಿಯನ್‌ನಲ್ಲಿ ಹೀಗೆ ತೆರೆಯದಿದ್ದರೆ ಮೆನುವಿನಲ್ಲಿ ‘ಟರ್ಮಿನಲ್’ ಎಂದು ಹುಡುಕಿ.

ಹಂತ 2: ಹೀಗೆ ಬರೆಯಿರಿ.

ಸುಡೋ ಆಪ್ಟ್ ಅಪ್‌ಡೇಟ್

ಹೆಸರು ಅಪ್‌ಡೇಟ್ ಎಂದಿದ್ದರೂ ಇದರಿಂದ ಯಾವ ತಂತ್ರಾಂಶವೂ ಬದಲಾಗುವುದಿಲ್ಲ. ಭಂಡಾರದಲ್ಲಿ ಈಗ ಏನೇನು ಇದೆ ಎಂಬ ಹೊಸ ಪಟ್ಟಿ ಮಾತ್ರ ಬರುತ್ತದೆ. ಅಂಗಡಿಗೆ ಹೋಗುವ ಮೊದಲು ಇವತ್ತಿನ ದರಪಟ್ಟಿ ತರಿಸಿಕೊಂಡ ಹಾಗೆ.

ಸುಡೋ ಎಂಬ ಪದ ಏಕೆ? ಲಿನಕ್ಸ್‌ನಲ್ಲಿ ಸಾಧಾರಣ ಬಳಕೆದಾರ ತನ್ನ ಫೈಲ್‌ಗಳನ್ನು ಮಾತ್ರ ಬದಲಿಸಬಹುದು, ಇಡೀ ಕಂಪ್ಯೂಟರಿಗೆ ಸಂಬಂಧಿಸಿದ್ದನ್ನು ಮುಟ್ಟುವಂತಿಲ್ಲ. ಕಾಲೇಜಿನ ಕಚೇರಿಯಲ್ಲಿ ಯಾರು ಬೇಕಾದರೂ ಅರ್ಜಿ ಬರೆಯಬಹುದು, ಆದರೆ ಪ್ರಾಂಶುಪಾಲರ ಸಹಿ ಇಲ್ಲದೆ ಟಿ.ಸಿ. ಸಿಗುವುದಿಲ್ಲ, ಅಲ್ಲವೇ? ಸುಡೋ ಎಂದರೆ ಆ ಸಹಿ. ಈ ಒಂದು ಆದೇಶಕ್ಕೆ ಮೇಲಿನ ಅಧಿಕಾರ ಕೊಡು ಎಂದು ಕೇಳುವುದು. ಆಗ ಪಾಸ್‌ವರ್ಡ್ ಕೇಳುತ್ತದೆ. ನೀವು ಟೈಪ್ ಮಾಡುವಾಗ ಪರದೆಯ ಮೇಲೆ ಚುಕ್ಕಿಯೂ ಕಾಣದೆ ಇರಬಹುದು. ಕೀಬೋರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ಪಾಸ್‌ವರ್ಡ್ ಎಷ್ಟು ಉದ್ದ ಎಂಬುದು ಪಕ್ಕದವರಿಗೆ ತಿಳಿಯಬಾರದೆಂದು ಹಾಗೆ ಮಾಡಿದ್ದಾರೆ. ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ.

ಹಂತ 3: ಈಗ ಮುಖ್ಯ ಸಾಲು.

ಸುಡೋ ಆಪ್ಟ್ ಇನ್‌ಸ್ಟಾಲ್ ಲೆಡ್ಜರ್

ಜೊತೆಗೆ ಬೇರೆ ಯಾವ ಪ್ಯಾಕೇಜ್‌ಗಳು ಬರುತ್ತವೆ, ಎಷ್ಟು ಇಳಿಸಿಕೊಳ್ಳಬೇಕು, ಡಿಸ್ಕ್‌ನಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದು ತೋರಿಸಿ, ಮುಂದುವರಿಯಲೇ ಎಂದು ಕೇಳುತ್ತದೆ. ಓದಿ ನೋಡಿ, ಒಪ್ಪಿಗೆಯಾದರೆ ವೈ ಒತ್ತಿ ಎಂಟರ್ ಕೊಡಿ.

ಹಂತ 4: ಬಂದಿದೆಯೇ ಎಂದು ನೋಡಲು ‘ಲೆಡ್ಜರ್’ ಎಂದು ಬರೆದು, ಒಂದು ಖಾಲಿ ಜಾಗ ಬಿಟ್ಟು, ನಡುವೆ ಜಾಗವಿಲ್ಲದೆ ಎರಡು ಕಿರುಗೆರೆ ಮತ್ತು ‘ವರ್ಶನ್’ ಎಂಬ ಇಂಗ್ಲಿಷ್ ಪದ ಬರೆಯಿರಿ. ಆವೃತ್ತಿಯ ಸಂಖ್ಯೆ ಕಂಡರೆ ಕೆಲಸ ಮುಗಿಯಿತು.

ಬೇಡವಾದಾಗ ‘ಇನ್‌ಸ್ಟಾಲ್’ ಇದ್ದ ಜಾಗದಲ್ಲಿ ‘ರಿಮೂವ್’ ಎಂದು ಬರೆದರೆ ತಂತ್ರಾಂಶ ಹೋಗುತ್ತದೆ. ನೀವು ಬರೆದಿಟ್ಟ ಲೆಕ್ಕದ ಫೈಲ್ ಹೋಗುವುದಿಲ್ಲ.

ಏನಾದರೂ ತಪ್ಪಿದರೆ

ಪ್ಯಾಕೇಜ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ಮೊದಲು ಕಾಗುಣಿತ ನೋಡಿ. ಅದು ಸರಿಯಿದ್ದರೆ ಹಂತ 2 ಬಿಟ್ಟುಹೋಗಿರಬಹುದು. ಉಬುಂಟುವಿನ ಭಂಡಾರದಲ್ಲಿ ವಿಭಾಗಗಳಿದ್ದು, ಲೆಡ್ಜರ್ ಇರುವುದು ಯೂನಿವರ್ಸ್ ಎಂಬ ವಿಭಾಗದಲ್ಲಿ. ಯಾರಾದರೂ ಅದನ್ನು ಆಫ್ ಮಾಡಿದ್ದರೂ ಇದೇ ಸಂದೇಶ ಬರುತ್ತದೆ.

ಲಾಕ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ಹೆದರಬೇಡಿ. ಹಿನ್ನೆಲೆಯಲ್ಲಿ ಇನ್ನೊಂದು ಅಪ್‌ಡೇಟ್ ನಡೆಯುತ್ತಿದೆ ಎಂದರ್ಥ. ಒಂದೇ ನಗದು ಪುಸ್ತಕದಲ್ಲಿ ಇಬ್ಬರು ಏಕಕಾಲಕ್ಕೆ ಬರೆದರೆ ಲೆಕ್ಕ ಕೆಡುತ್ತದೆ, ಅದಕ್ಕಾಗಿ ಒಬ್ಬರು ಬರೆಯುವಾಗ ಪುಸ್ತಕಕ್ಕೆ ಬೀಗ ಹಾಕಿರುತ್ತಾರೆ. ಸ್ವಲ್ಪ ಹೊತ್ತು ಕಾಯಿರಿ, ಮತ್ತೆ ಪ್ರಯತ್ನಿಸಿ. ಬೀಗದ ಫೈಲನ್ನೇ ಅಳಿಸಿಬಿಡಿ ಎಂಬ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ಕಾಲೇಜಿನ ಲ್ಯಾಬ್‌ನಲ್ಲಾದರೆ ಸುಡೋ ಪಾಸ್‌ವರ್ಡ್ ಲ್ಯಾಬ್ ನೋಡಿಕೊಳ್ಳುವವರ ಬಳಿ ಇರುತ್ತದೆ. ಅವರ ಅನುಮತಿ ಪಡೆದೇ ಮಾಡಬೇಕು.

ಆ ಒಂದು ಸಾಲಿನ ಹಿಂದೆ

ಇನ್‌ಸ್ಟಾಲ್ ಎಂದು ಬರೆದ ಮೇಲೆ ಪರದೆಯಲ್ಲಿ ಸರಸರನೆ ಓಡುವ ಸಾಲುಗಳ ಹಿಂದೆ ಎರಡು ಕೆಲಸ ನಡೆಯುತ್ತವೆ. ಎರಡೂ ನಮ್ಮ ವಿಷಯಕ್ಕೆ ಹತ್ತಿರದವು.

ಮೊದಲನೆಯದು ಅವಲಂಬನೆ. ಒಂದು ತಂತ್ರಾಂಶ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಬೇರೆಯವರು ಬರೆದಿಟ್ಟ ಭಾಗಗಳನ್ನು ಬಳಸಿಕೊಳ್ಳುತ್ತದೆ. ಲೆಡ್ಜರಿಗೆ ಜಿಎಂಪಿ ಎಂಬ ಗಣಿತದ ಭಾಗ ಬೇಕು. ಲೆಕ್ಕ ಮಾಡಲು ಹುಟ್ಟಿದ ಕಂಪ್ಯೂಟರಿಗೆ ಗಣಿತಕ್ಕೆ ಬೇರೆ ಸಹಾಯ ಏಕೆ ಎಂದು ಕೇಳಬಹುದು. ಕಂಪ್ಯೂಟರ್ ಒಳಗೆ ಎಣಿಸುವುದು 0 ಮತ್ತು 1ರಲ್ಲಿ. ಆ ಪದ್ಧತಿಯಲ್ಲಿ 0.1 ಎಂಬ ಸಂಖ್ಯೆಯನ್ನು ಪೂರ್ತಿಯಾಗಿ ಬರೆಯಲು ಬರುವುದಿಲ್ಲ. ಹತ್ತನ್ನು ಮೂರರಿಂದ ಭಾಗಿಸಿದರೆ ನಮಗೆ 3.333 ಎಂದು ಮುಗಿಯದೆ ಹೋಗುತ್ತದಲ್ಲ, ಹಾಗೆ. ಅದಕ್ಕೇ ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಎಂಬ ಉತ್ತರ ಬರುತ್ತದೆ. ಆಟಕ್ಕೆ, ಚಿತ್ರಕ್ಕೆ ಇಷ್ಟು ವ್ಯತ್ಯಾಸ ನಡೆಯುತ್ತದೆ. ಸಾವಿರಾರು ನಮೂದುಗಳ ಲೆಕ್ಕಕ್ಕೆ ನಡೆಯುವುದಿಲ್ಲ. ಜಿಎಂಪಿ ಸಂಖ್ಯೆಯನ್ನು ಭಿನ್ನರಾಶಿಯಾಗಿ ಇಟ್ಟುಕೊಳ್ಳಬಲ್ಲದು. ಹತ್ತನೇ ಒಂದು ಎಂದರೆ ಹತ್ತನೇ ಒಂದೇ. ಆದ್ದರಿಂದ ಲೆಡ್ಜರಿನಲ್ಲಿ ಪೈಸೆ ಜಾರಿಹೋಗುವುದಿಲ್ಲ. ಯಾವ ಪ್ಯಾಕೇಜಿಗೆ ಯಾವುದು ಬೇಕು ಎಂಬ ಪಟ್ಟಿ ಆಪ್ಟ್ ಬಳಿ ಇದೆ. ನಮ್ಮಲ್ಲಿ ಇಲ್ಲದ್ದನ್ನು ಮಾತ್ರ ತರುತ್ತದೆ.

ಎರಡನೆಯದು ತಾಳೆ ನೋಡುವುದು. ಭಂಡಾರದಿಂದ ಬಂದದ್ದು ದಾರಿಯಲ್ಲಿ ಬದಲಾಗಿಲ್ಲ ಎಂದು ಹೇಗೆ ನಂಬುವುದು? ಪ್ರತಿ ಪ್ಯಾಕೇಜಿಗೂ ಲೆಕ್ಕ ಹಾಕಿದ ಒಂದು ಬೆರಳಚ್ಚು ಇರುತ್ತದೆ. ಅದು 64 ಅಕ್ಷರ-ಅಂಕಿಗಳ ಒಂದು ಸಾಲು. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ಪ್ಯಾಕೇಜ್‌ಗಳ ಬೆರಳಚ್ಚುಗಳು ಒಂದು ಪಟ್ಟಿಯಲ್ಲಿರುತ್ತವೆ. ಆ ಪಟ್ಟಿಯ ಬೆರಳಚ್ಚು ಇನ್ನೊಂದು ಮುಖ್ಯ ಪಟ್ಟಿಯಲ್ಲಿರುತ್ತದೆ. ಮುಖ್ಯ ಪಟ್ಟಿಗೆ ಭಂಡಾರದವರ ಡಿಜಿಟಲ್ ಸಹಿ ಇರುತ್ತದೆ. ಸಹಿಯನ್ನು ಪರೀಕ್ಷಿಸುವ ಕೀಲಿ ನಮ್ಮ ಕಂಪ್ಯೂಟರಿನಲ್ಲಿ ಮೊದಲೇ ಇದೆ. ಆಪ್ಟ್ ಸಹಿಯಿಂದ ಶುರು ಮಾಡಿ ಪ್ಯಾಕೇಜಿನವರೆಗೆ ಒಂದೊಂದನ್ನೂ ತಾಳೆ ನೋಡುತ್ತದೆ. ಎಲ್ಲಿಯಾದರೂ ತಾಳೆಯಾಗದಿದ್ದರೆ ನಿಲ್ಲಿಸುತ್ತದೆ.

ವೋಚರ್, ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಎಂದು ನಾವು ಕಲಿಯುವುದೂ ಇಂಥದ್ದೇ ಸರಪಳಿ. ಯಾವ ಅಂಕಿ ನೋಡಿದರೂ ಅದು ಎಲ್ಲಿಂದ ಬಂತು ಎಂದು ಹಿಂದೆ ಹೋಗಿ ತೋರಿಸಲು ಬರಬೇಕು. ಪೆನ್‌ಡ್ರೈವಿನ ಕ್ರ್ಯಾಕ್‌ಗೆ ಅಂಥ ವೋಚರ್ ಇಲ್ಲ.

ಲೆಡ್ಜರಿನಲ್ಲಿ ಲೆಕ್ಕ ಬರೆಯುವುದು

ಈಗ ಬಳಸಿ ನೋಡೋಣ. ನಮ್ಮ ಮನೆಯಲ್ಲಿ ಅಮ್ಮಿ ಹೊಲಿಗೆ ಕೆಲಸ ಮಾಡುತ್ತಾರೆ. ಅಂಥ ಒಂದು ಪುಟ್ಟ ವ್ಯವಹಾರವನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೇನೆ, ಅಂಕಿಗಳು ಮಾತ್ರ ಕಲ್ಪಿತ. ಟೆಕ್ಸ್ಟ್ ಎಡಿಟರ್ ತೆರೆದು ಈ ಕೆಳಗಿನಂತೆ ಬರೆದು, ಹೋಮ್ ಫೋಲ್ಡರಿನಲ್ಲಿ ‘ಹಿಸಾಬ್’ ಎಂಬ ಹೆಸರಿನಿಂದ ಉಳಿಸಿ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಕನ್ನಡ ಸೇರಿಸಿಕೊಂಡರೆ ಖಾತೆಗಳ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಲೆಡ್ಜರ್ ಅದನ್ನು ಒಪ್ಪುತ್ತದೆ.

2025/04/01 ಆರಂಭ
    ಆಸ್ತಿ:ನಗದು    2000
    ಬಂಡವಾಳ    -2000

2025/04/03 ದಾರ ಮತ್ತು ಲೈನಿಂಗ್ ಬಟ್ಟೆ
    ಖರ್ಚು:ದಾರ    450
    ಆಸ್ತಿ:ನಗದು

2025/04/05 ಬ್ಲೌಸ್ ಹೊಲಿಗೆ
    ಆಸ್ತಿ:ನಗದು    800
    ಆಸ್ತಿ:ಬಾಕಿ    400
    ಆದಾಯ:ಹೊಲಿಗೆ    -1200

2025/04/09 ಮಷಿನ್ ಬೆಲ್ಟ್, ಎಣ್ಣೆ
    ಖರ್ಚು:ಯಂತ್ರ    150
    ಆಸ್ತಿ:ನಗದು

2025/04/12 ಬಾಕಿ ವಸೂಲಿ
    ಆಸ್ತಿ:ನಗದು    250
    ಆಸ್ತಿ:ಬಾಕಿ    -250

ನಿಯಮಗಳು ಕೆಲವೇ. ಮೊದಲ ಸಾಲಿನಲ್ಲಿ ದಿನಾಂಕ ಮತ್ತು ವಿವರ. ಕೆಳಗಿನ ಸಾಲುಗಳು ಸ್ವಲ್ಪ ಒಳಗಿನಿಂದ ಶುರುವಾಗಬೇಕು. ಖಾತೆಯ ಹೆಸರಿಗೂ ಮೊತ್ತಕ್ಕೂ ನಡುವೆ ಕನಿಷ್ಠ ಎರಡು ಖಾಲಿ ಜಾಗ ಇರಬೇಕು. ಡೆಬಿಟ್ ಎಂದರೆ ಕೂಡುವ ಸಂಖ್ಯೆ, ಕ್ರೆಡಿಟ್ ಎಂದರೆ ಮುಂದೆ ಕಳೆಯುವ ಚಿಹ್ನೆ ಇರುವ ಸಂಖ್ಯೆ. ಒಂದು ನಮೂದಿನಲ್ಲಿ ಎಲ್ಲ ಮೊತ್ತಗಳನ್ನು ಕೂಡಿಸಿದರೆ ಸೊನ್ನೆ ಬರಬೇಕು. ಒಂದು ಖಾತೆಯ ಮುಂದೆ ಮೊತ್ತ ಬರೆಯದಿದ್ದರೆ ಲೆಡ್ಜರ್ ತಾನೇ ತುಂಬಿಕೊಳ್ಳುತ್ತದೆ. ಏಪ್ರಿಲ್ 3ರ ನಮೂದಿನಲ್ಲಿ ನಗದಿನ ಮುಂದೆ ಏನೂ ಇಲ್ಲ, ಅದನ್ನು -450 ಎಂದು ತಿಳಿದುಕೊಳ್ಳುತ್ತದೆ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಲುಕಾ ಪಾಚೊಲಿಯವರ ಗಣಿತ ಗ್ರಂಥದಲ್ಲಿ ವಿವರಿಸಿರುವ ಡಬಲ್ ಎಂಟ್ರಿ ಪದ್ಧತಿಯೇ ಇದು.

ಒಂದು ವಿಷಯ ನನಗೆ ಇದನ್ನು ಬರೆಯುವಾಗ ಗಮನಕ್ಕೆ ಬಂತು. ನಗದು, ಬಾಕಿ, ಖರ್ಚು, ಜಮಾ, ವಸೂಲಿ: ನಮ್ಮ ಮನೆಯ ಉರ್ದುವಿನಲ್ಲೂ ಕನ್ನಡದ ಲೆಕ್ಕಪುಸ್ತಕದಲ್ಲೂ ಇವು ಹೆಚ್ಚು ಕಡಿಮೆ ಒಂದೇ ಪದಗಳು. ಮನೆ ಮಾತು ಯಾವುದೇ ಇರಲಿ, ಅಂಗಡಿಯ ಲೆಕ್ಕ ಎಲ್ಲರಿಗೂ ಅರ್ಥವಾಗಬೇಕಿತ್ತಲ್ಲ!

ಈಗ ಟರ್ಮಿನಲ್‌ನಲ್ಲಿ ಹೀಗೆ ಬರೆಯಿರಿ. ಕೊನೆಯ ಪದ ಬಿ, ಎ, ಎಲ್. ಎಫ್ ಅಕ್ಷರದ ಮುಂದೆ ಒಂದು ಕಿರುಗೆರೆ. ಫೈಲಿನ ಹೆಸರನ್ನು ಉಳಿಸುವಾಗ ಹೇಗೆ ಬರೆದಿರೋ ಹಾಗೆಯೇ ಬರೆಯಬೇಕು.

ಲೆಡ್ಜರ್ -ಎಫ್ ಹಿಸಾಬ್ ಬಾಲ್

ಪರದೆಯ ಮೇಲೆ ಬರುವ ಉತ್ತರ:

-1200  ಆದಾಯ:ಹೊಲಿಗೆ
2600  ಆಸ್ತಿ
2450    ನಗದು
150    ಬಾಕಿ
600  ಖರ್ಚು
450    ದಾರ
150    ಯಂತ್ರ
-2000  ಬಂಡವಾಳ
--------
0

ಕೊನೆಯ ಸೊನ್ನೆಯೇ ನಮ್ಮ ಟ್ರಯಲ್ ಬ್ಯಾಲೆನ್ಸ್. ಕೈಯಲ್ಲಿರುವ ನಗದು 2,450 ರೂಪಾಯಿ, ಬರಬೇಕಾದದ್ದು 150, ಲಾಭ 1,200ರಲ್ಲಿ 600 ಕಳೆದು 600 ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ‘ಬಾಲ್’ ಬದಲು ಆರ್, ಇ, ಜಿ ಎಂದು ಬರೆದು ಮುಂದೆ ‘ಬಾಕಿ’ ಎಂದು ಸೇರಿಸಿದರೆ ಬಾಕಿ ಖಾತೆಯ ಒಂದೊಂದು ನಮೂದನ್ನೂ ದಿನಾಂಕವಾರು ತೋರಿಸುತ್ತದೆ: ಮೊದಲು 400, ಆಮೇಲೆ 250 ಬಂದು ಉಳಿದದ್ದು 150. ಕೆಲವು ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತವೆ. ಅದು ತೋರಿಸುವ ಪರದೆಯ ತೊಂದರೆ, ಫೈಲಿನಲ್ಲಿ ಅಕ್ಷರ ಸರಿಯಾಗಿಯೇ ಇರುತ್ತದೆ.

ಲೆಡ್ಜರ್ ನಮ್ಮ ಫೈಲನ್ನು ಓದುತ್ತದೆ ಅಷ್ಟೇ, ಅದರಲ್ಲಿ ಒಂದು ಅಕ್ಷರವನ್ನೂ ತಾನಾಗಿ ಬರೆಯುವುದಿಲ್ಲ. ಫೈಲ್ ಸಾಧಾರಣ ಟೆಕ್ಸ್ಟ್ ಆದ್ದರಿಂದ ಮೊಬೈಲಿನಲ್ಲೂ ತೆರೆಯಬಹುದು, ಮುದ್ರಿಸಿ ಇಡಬಹುದು. ನಾಳೆ ಲೆಡ್ಜರ್ ಎಂಬ ತಂತ್ರಾಂಶವೇ ಇಲ್ಲವಾದರೂ ಲೆಕ್ಕ ಓದಲು ಬರುತ್ತದೆ. ಆ ಕಿರಾಣಿ ಅಂಗಡಿಯವರಿಗೆ ಬೇಕಾಗಿದ್ದದ್ದು ಇಷ್ಟೇ.

ತಾಳೆಯಾಗುವುದು ಬೇರೆ, ಸರಿಯಾಗಿರುವುದು ಬೇರೆ

ಏಪ್ರಿಲ್ 5ರ ನಮೂದಿನಲ್ಲಿ ಬೇಕೆಂದೇ 800ರ ಬದಲು 700 ಎಂದು ಬರೆದು ನೋಡಿ. ಲೆಡ್ಜರ್ ಲೆಕ್ಕ ಕೊಡಲು ಒಪ್ಪುವುದಿಲ್ಲ. ಈ ವ್ಯವಹಾರ ತಾಳೆಯಾಗುತ್ತಿಲ್ಲ, ಇಷ್ಟು ವ್ಯತ್ಯಾಸ ಉಳಿದಿದೆ ಎಂದು 100ರ ವ್ಯತ್ಯಾಸವನ್ನು ತೋರಿಸುತ್ತದೆ. ಆದರೆ ದಾರದ 450 ರೂಪಾಯಿಯನ್ನು ‘ಯಂತ್ರ’ ಖಾತೆಗೆ ಬರೆದರೆ? ಏನೂ ಹೇಳುವುದಿಲ್ಲ. ಎರಡೂ ಕಡೆ 450ರ ಬದಲು 540 ಬರೆದರೆ? ಆಗಲೂ ಸುಮ್ಮನಿರುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೂ ತಪ್ಪುಗಳು ಉಳಿದಿರಬಹುದು ಎಂದು ನಮಗೆ ಪಾಠ ಮಾಡುತ್ತಾರಲ್ಲ, ಅದೇ ಇದು.

ತಂತ್ರಾಂಶ ಹಾಕಿಕೊಳ್ಳುವಾಗಿನ ಸಹಿಗೂ ಈ ಮಾತು ಅನ್ವಯಿಸುತ್ತದೆ. ಭಂಡಾರದವರು ಕೊಟ್ಟದ್ದೇ ನಮಗೆ ಬಂದಿದೆ ಎಂದು ಸಹಿ ಹೇಳುತ್ತದೆ. ಕೊಟ್ಟದ್ದು ಒಳ್ಳೆಯದೇ ಎಂದು ಹೇಳುವುದಿಲ್ಲ. 2024ರಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಸಿಕ್ಕಿತು. ಫೈಲ್‌ಗಳನ್ನು ಕುಗ್ಗಿಸುವ ಎಕ್ಸ್‌ಝೆಡ್ ಎಂಬ ಸಣ್ಣ ತಂತ್ರಾಂಶ ಲಿನಕ್ಸ್‌ನಲ್ಲಿ ಬಹಳ ಕಡೆ ಬಳಕೆಯಲ್ಲಿದೆ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಯೋಜನೆಗೆ ಸಹಾಯ ಮಾಡಿ, ನಂಬಿಕೆ ಗಳಿಸಿ, ಜವಾಬ್ದಾರಿ ಪಡೆದು, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳ ಬಾಗಿಲು ಇಟ್ಟರು. ಅದು ಡೆಬಿಯನ್‌ನ ಪ್ರಯೋಗ ಹಂತದ ಭಂಡಾರದವರೆಗೂ ಬಂತು. ಸಹಿಗಳೆಲ್ಲ ಸರಿಯಾಗಿಯೇ ಇದ್ದವು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಕಂಪ್ಯೂಟರಿಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂದು ಗಮನಿಸಿ, ಏಕೆ ಎಂದು ಹುಡುಕುತ್ತ ಹೋದರು. ಮಾರ್ಚ್ 29ರಂದು ವಿಷಯ ಬಹಿರಂಗವಾಯಿತು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಅದು ಇನ್ನೂ ತಲುಪಿರಲಿಲ್ಲ.

ಇದರಿಂದ ಓಪನ್ ಸೋರ್ಸ್ ನಂಬಬಾರದು ಎಂದು ಹೇಳುವುದು ಸರಿಯಲ್ಲ. ಮೂಲ ಬರಹ ಮುಚ್ಚಿದ್ದರೆ ಅವರು ಹುಡುಕುತ್ತ ಅಷ್ಟು ದೂರ ಹೋಗುವುದು ಕಷ್ಟವಿತ್ತು. ಅರ್ಧ ಸೆಕೆಂಡ್ ವ್ಯತ್ಯಾಸವನ್ನು ‘ಇರಲಿ ಬಿಡು’ ಎನ್ನದ ಒಬ್ಬ ಮನುಷ್ಯ ಬೇಕಾಯಿತು ಎಂಬುದನ್ನು ಮಾತ್ರ ನಾವು ನೆನಪಿಡಬೇಕು. ಲೆಕ್ಕದಲ್ಲಿ ಒಂದು ರೂಪಾಯಿ ಹೊಂದದಿದ್ದಾಗ ಜೇಬಿನಿಂದ ಹಾಕಿ ಮುಗಿಸಬೇಡಿ, ಹುಡುಕಿ ಎಂದು ನಮಗೆ ಹೇಳುವುದೂ ಇದಕ್ಕೇ.

ಯಾರಿಗೆ ಉಪಯೋಗ?

ಲೆಡ್ಜರ್ ಕಲಿತರೆ ಟ್ಯಾಲಿ ಬೇಡ ಎಂದು ನಾನು ಹೇಳುವುದಿಲ್ಲ. 1986ರಲ್ಲಿ ಆರಂಭವಾಗಿ ನಮ್ಮ ಬೆಂಗಳೂರಿನಲ್ಲಿ ನೆಲೆಸಿರುವ ಕಂಪನಿಯ ತಂತ್ರಾಂಶ ಅದು. ಅಂಗಡಿಗಳಲ್ಲಿ, ಆಡಿಟರ್ ಕಚೇರಿಗಳಲ್ಲಿ ಕೆಲಸ ಕೇಳಲು ಹೋದರೆ ಮೊದಲು ಕೇಳುವುದು ಟ್ಯಾಲಿ ಬರುತ್ತದೆಯೇ ಎಂದು. ಜಿಎಸ್‌ಟಿ ರಿಟರ್ನ್, ಬಿಲ್ ಮುದ್ರಣ, ಸ್ಟಾಕ್ ಎಲ್ಲ ಅದರಲ್ಲಿ ಸಿದ್ಧವಾಗಿವೆ, ಲೆಡ್ಜರಿನಲ್ಲಿ ಹಾಗಿಲ್ಲ. ಟ್ಯಾಲಿಯನ್ನು ಹಣ ಕೊಡದೆ ಕಲಿಯಲು ಎಜುಕೇಷನಲ್ ಮೋಡ್ ಎಂಬ ನ್ಯಾಯವಾದ ದಾರಿಯೂ ಇದೆ. ಅದರಲ್ಲಿ ತಿಂಗಳ ಕೆಲವೇ ದಿನಾಂಕಗಳಿಗೆ ನಮೂದು ಮಾಡಬಹುದು, ಆದರೆ ಅಭ್ಯಾಸಕ್ಕೆ ಸಾಕು. ಕ್ರ್ಯಾಕ್ ಬೇಕಾಗಿಲ್ಲ.

ಲೆಡ್ಜರಿನ ಉಪಯೋಗ ಬೇರೆ. ಟ್ಯಾಲಿಯಲ್ಲಿ ವೋಚರ್ ತುಂಬಿದರೆ ಉಳಿದದ್ದು ಒಳಗೇ ಆಗಿಬಿಡುತ್ತದೆ. ಲೆಡ್ಜರಿನಲ್ಲಿ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಎಂದು ಪ್ರತಿ ಸಾಲಿನಲ್ಲೂ ನಾವೇ ಯೋಚಿಸಬೇಕು. ಪರೀಕ್ಷೆಯ ಜರ್ನಲ್ ಎಂಟ್ರಿ ಲೆಕ್ಕಗಳನ್ನು ಇದರಲ್ಲಿ ಬರೆದು, ಕೊನೆಗೆ ಸೊನ್ನೆ ಬರುತ್ತದೆಯೇ ಎಂದು ನೋಡಬಹುದು. ಮನೆ ಖರ್ಚು, ಹಾಸ್ಟೆಲ್ ಮೆಸ್ಸಿನ ಖರ್ಚು, ಕಾಲೇಜು ಕಾರ್ಯಕ್ರಮಕ್ಕೆ ಒಟ್ಟುಗೂಡಿಸಿದ ಚಂದಾ ಹಣದ ಲೆಕ್ಕ, ಇವನ್ನು ಇಡಬಹುದು. ಚಂದಾ ಕೊಟ್ಟವರು ಯಾರಾದರೂ ಕೇಳಿದರೆ ಫೈಲನ್ನೇ ಅವರ ಕೈಗೆ ಕೊಡಬಹುದು. ಅವರೂ ತಮ್ಮ ಕಂಪ್ಯೂಟರಿನಲ್ಲಿ ಅದೇ ಒಂದು ಸಾಲು ಟೈಪ್ ಮಾಡಿ ತಾಳೆ ನೋಡಬಹುದು.

ಈ ವರ್ಷ ನಮ್ಮ ವಿಭಾಗದ ಕಾರ್ಯಕ್ರಮದ ಲೆಕ್ಕವನ್ನು ಹೀಗೆ ಇಟ್ಟು, ಎಲ್ಲರಿಗೂ ಕಾಣುವಂತೆ ನೋಟಿಸ್ ಬೋರ್ಡಿಗೆ ಹಾಕಬಹುದಲ್ಲವೇ? ಹಾಕಿಕೊಳ್ಳಲು ಬೇಕಾದದ್ದು ಎರಡು ಆದೇಶ, ಒಂದು ಪಾಸ್‌ವರ್ಡ್, ಮತ್ತು ಲ್ಯಾಬ್‌ನಲ್ಲಿ ಅರ್ಧ ಗಂಟೆ ಸಮಯ. ನಮೂದುಗಳನ್ನು ಸರಿಯಾಗಿ ಬರೆಯುವ ಕೆಲಸ ಮಾತ್ರ ಎಂದಿನಂತೆ ನಮ್ಮದೇ.